ಅತ್ತೆ ಇಳಿಯದ ಕಾರು

ಹೋದ ತಿಂಗಳು ಒಂದು ರವಿವಾರ ನಮ್ಮ ಅತ್ತೆ ಹೊಸ ಕಾರಿನಲ್ಲಿ ಇಪ್ಪತ್ತು ನಿಮಿಷ ಕೂತಿದ್ದರು. ಕಾರು ಒಂದಿಂಚೂ ಅಲುಗಲಿಲ್ಲ. ಅತ್ತೆಯೂ ಅಲುಗಲಿಲ್ಲ.

(ಇದನ್ನು ಅವರ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ. ಯಾಕೆ ಅಪ್ಪಣೆ ಬೇಕಾಯಿತು ಎಂಬುದು ಮುಂದೆ ಗೊತ್ತಾಗುತ್ತದೆ.)

ನಮಗೆ ಕಾರಿನ ಹುಚ್ಚು ಹಿಡಿದಿದ್ದು ಶೋಕಿಗಲ್ಲ. ಅತ್ತೆಯ ತಂಗಿ ಹೊಳೆಮಣ್ಣೂರಿನಲ್ಲಿದ್ದಾರೆ. ಹಾಸಿಗೆ ಹಿಡಿದು ಎರಡು ವರ್ಷವಾಯಿತು. ರೋಣದಿಂದ ಹೊಳೆಮಣ್ಣೂರು ಎಷ್ಟು ದೂರ? ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವುದರೊಳಗೆ ಬರುತ್ತದೆ. ಆದರೆ ಬಸ್ಸು ಹತ್ತಬೇಕಲ್ಲ? ಹೋದ ವರ್ಷ ಅತ್ತೆ ಕಂಬಿ ಹಿಡಿದು ಕಾಲೆತ್ತಿದರು. ಮೊಣಕಾಲು ಮೇಲೇಳಲಿಲ್ಲ. ಕಂಡಕ್ಟರ್ ಸೀಟಿ ಹೊಡೆದ. ಅತ್ತೆ ಸೆರಗು ಸರಿಮಾಡಿಕೊಂಡು, ಮನೆಯಲ್ಲಿ ಇರುವುದೇ ಚಲೋ ಎಂದು ತಿರುಗಿ ಬಂದರು. ಅವತ್ತೇ ನಾನು ನಿರ್ಧಾರ ಮಾಡಿದೆ. ಕಾರು ತರುತ್ತೇನೆ, ನಾನೇ ಓಡಿಸುತ್ತೇನೆ, ತಂಗಿಯ ಮನೆ ಬಾಗಿಲಿಗೇ ಅತ್ತೆಯನ್ನು ಇಳಿಸುತ್ತೇನೆ.

ಮೂರು ತಿಂಗಳು ಬೆಳಿಗ್ಗೆ ಸಾಲಿ ಮೈದಾನದಲ್ಲಿ ಗೇರು ಹಾಕಲು ಕಲಿತೆ. ಕಲಿಸಿದವರು ನಮ್ಮ ಓಣಿಯ ಗ್ಯಾರೇಜಿನ ದಾದಾಪೀರಣ್ಣ. ನಾನು ಪಾಠ ಹೇಳುವ ಹುಡುಗಿಯರು ಕಟ್ಟೆ ಮೇಲೆ ಕೂತು ನಗುತ್ತಿದ್ದರು. ನಗಲಿ ಬಿಡಿ. ಲೈಸೆನ್ಸ್ ಬಂತು. ನಮ್ಮ ಮನೆಗೆ ಬಂದ ಮೊದಲ ಕಾರ್ ಲೈಸೆನ್ಸ್ ನನ್ನದೇ. (ನಮ್ಮವರಿಗೆ ಸ್ಕೂಟರಿನ ಆಚೆ ಏನೂ ಬರುವುದಿಲ್ಲ. ಅವರ ಮುಂದೆ ಹೇಳಬೇಡಿ.)

ಇನ್ನು ಯಾವ ಕಾರು? ಪೇಟೆಯಲ್ಲಿ ಈಗ ಎರಡು ಸಣ್ಣ ಕಾರುಗಳ ನಡುವೆ ಜಿದ್ದಾಜಿದ್ದಿ. ಹೆಸರು ಹೇಳಿದರೆ ಜಾಹೀರಾತಾದೀತು. ಒಂದು ಗಿಡ್ಡ ಕಾರು, ಇನ್ನೊಂದು ಎತ್ತರದ ಕಾರು ಅನ್ನೋಣ. ಗಿಡ್ಡದ್ದಕ್ಕೆ ಮೈಲೇಜ್ ಜಾಸ್ತಿ, ದರ ಕಡಿಮೆ. ಎತ್ತರದ್ದಕ್ಕೆ ಪವರ್ ಸ್ಟೀರಿಂಗ್ ಇದೆ, ಮೈಲೇಜ್ ಅಷ್ಟಕ್ಕಷ್ಟೇ.

ನಮ್ಮವರು ಗಿಡ್ಡದ್ದರ ಪಾರ್ಟಿ. ಅವರ ಆಫೀಸೂ ಗಿಡ್ಡದ್ದರ ಪಾರ್ಟಿ. ದಾದಾಪೀರಣ್ಣನಂತೂ ಕಡ್ಡಿ ಮುರಿದಂತೆ ಹೇಳಿದ್ದರು.

“ಅಕ್ಕಾರ, ಗಿಡ್ಡದ್ದರ ಪಾರ್ಟ್ ಬೇಕಂದ್ರ ಗಜೇಂದ್ರಗಡದಾಗ ಸಿಗತಾವ್ರಿ. ಎತ್ತರದ್ದಕ್ಕ ಹುಬ್ಬಳ್ಳಿ ಹಾದಿ ಹಿಡೀಬೇಕಾಕ್ಕೈತಿ.”

ನನಗೆ ಎತ್ತರದ್ದರ ಮೇಲೆ ಮನಸ್ಸಿತ್ತು. ಯಾಕೆ? ಸ್ಟೀರಿಂಗ್ ಹಗುರ, ಬಣ್ಣ ಚಂದ. ಅಷ್ಟೇ. ಅತ್ತೆಯ ಮೊಣಕಾಲು ನನ್ನ ತಲೆಯಲ್ಲಿ ಇತ್ತೇ? ಸುಳ್ಳು ಯಾಕೆ ಹೇಳಲಿ, ಇರಲಿಲ್ಲ. ಬಸ್ಸಿನ ಮೆಟ್ಟಿಲು ಎತ್ತರವಾಯಿತು, ಕಾರಾದರೆ ಸಲೀಸು ಎಂದು ನಾನೂ ತಿಳಿದುಕೊಂಡಿದ್ದೆ.

ಎರಡೂ ಕಂಪನಿಯವರಿಗೆ ಫೋನ್ ಮಾಡಿ ಒಂದೇ ದಿನ ಕರೆಸಿದೆ. ಗದಗಿನಿಂದ ಎರಡು ಕಾರು ಬಂದು ನಮ್ಮ ಮನೆ ಮುಂದೆ ಮೂತಿಗೆ ಮೂತಿ ಕೊಟ್ಟು ನಿಂತವು. ಟೈ ಕಟ್ಟಿದ ಇಬ್ಬರು ಸೇಲ್ಸ್‌ಮನ್‌ಗಳು ಇಳಿದು ಬಂದು ಕೀಲಿಯನ್ನು ಯಾರ ಕೈಗೆ ಕೊಟ್ಟರು ಹೇಳಿ? ನಮ್ಮವರ ಕೈಗೆ! ಅವರು ಎರಡೂ ಕೀಲಿ ಹಿಡಿದುಕೊಂಡು ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ನನ್ನ ಕೈಗೆ ದಾಟಿಸಿದರು.

ಓಣಿಯ ಗಂಡಸರೆಲ್ಲ ಬಾನೆಟ್ ಸುತ್ತ ಸೇರಿದರು. ಒಬ್ಬರು ಟೈರ್ ಒದ್ದು ನೋಡಿದರು. (ಟೈರ್ ಒದ್ದರೆ ಏನು ಗೊತ್ತಾಗುತ್ತದೆ ಎಂದು ಯಾರಾದರೂ ನನಗೆ ತಿಳಿಸಿ.) ಕೊನೆಗೆ ಯಾರಿಗೋ ಅತ್ತೆಯ ನೆನಪಾಯಿತು. ಹಿರಿಯರು ಮೊದಲು ಕೂರಲಿ ಎಂದು ಗಿಡ್ಡ ಕಾರಿನ ಹಿಂದಿನ ಬಾಗಿಲು ತೆಗೆದರು. ಅತ್ತೆ ಬಗ್ಗಿ, ಧಪ್ಪನೆ ಕೂತರು. ಹತ್ತುವುದೇನು ಬಂತು, ಬಿದ್ದರೆ ಸಾಕು, ಕೂತಂತೆಯೇ. ಹ್ಯಾಂಗೈತಿ ಎಂದು ಕೇಳಿದರೆ, ತಲೆ ಮೇಲಿನ ಸೆರಗು ಜಗ್ಗಿಕೊಂಡು, ಚಲೋ ಐತಿ ಅಂದರು.

ಹತ್ತು ನಿಮಿಷ ಕಳೆಯಿತು. ಇಳಿಯುತ್ತೀರಾ ಎಂದರೆ, ಇನ್ನೊಂಚೂರು ಕುಂಡ್ರತೀನಿ ಅಂದರು. ನಮ್ಮವರ ಮುಖ ಅರಳಿತು.

“ಅವ್ವಗ ಭಾಳ ಸೇರೇತಿ ನೋಡ್ರಿ, ಇಳ್ಯಾಕ ಒಲ್ಲೆ ಅಂತಾಳ. ಮುಗೀತ, ಇದನ್ನ ಬುಕ್ ಮಾಡೋಣು.”

ಸೇಲ್ಸ್‌ಮನ್ ಆಗಲೇ ಫಾರ್ಮ್ ತೆಗೆದ. ಅತ್ತೆಗೇ ಸೇರಿದ ಮೇಲೆ ನನ್ನದೇನು ಎಂದು ನಾನೂ ಸೋತಿದ್ದೆ. ಬಾಗಿಲು ಹಾಕಲು ಹೋದಾಗ ಅತ್ತೆಯ ಕೈ ಕಂಡಿತು. ಮುಂದಿನ ಸೀಟನ್ನು ಬಿಗಿಯಾಗಿ ಹಿಡಿದಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದರು.

“ಗಿರಿಜವ್ವಾ, ಕಾಲ ಹಿಡದಾವ. ಏಳಾಕ ಬರವಲ್ದು. ಇಷ್ಟ ಮಂದಿ ಗಂಡಸರ ಮುಂದ ನಾ ಹ್ಯಾಂಗ ಅಂಬೆಗಾಲಿಟ್ಟ ಬರ್ಲಿ? ಯಾರ ಮುಂದೂ ಅನಬ್ಯಾಡ.”

ಅಂದರೆ, ಇಳಿಯಲು ಆಗದೆ ಹೊಗಳುತ್ತಾ ಕೂತಿದ್ದರು! ನನಗೆ ನಾಚಿಕೆಯಾಯಿತು. ಹನ್ನೆರಡು ವರ್ಷ ಒಂದೇ ಮನೆಯಲ್ಲಿ ಬದುಕಿ, ಈ ‘ಚಲೋ ಐತಿ’ಯ ಅರ್ಥ ನನಗೆ ತಿಳಿಯಲಿಲ್ಲವಲ್ಲ?

ಎತ್ತರದ ಕಾರಿನ ಕೀಲಿಯನ್ನು ಗುಂಪಿನಲ್ಲಿದ್ದ ದಾದಾಪೀರಣ್ಣನಿಗೆ ಕೊಟ್ಟೆ. ನರಗುಂದ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬನ್ನಿ, ಬುಕ್ ಮಾಡುವುದು ಆಮೇಲೆ ಅಂದೆ. ನಮ್ಮವರೂ ಹತ್ತಿದರು, ಸೇಲ್ಸ್‌ಮನ್‌ಗಳಿಬ್ಬರೂ ಹತ್ತಿದರು. ಉಳಿದವರನ್ನು ಮಂಡಕ್ಕಿ ಮಿರ್ಚಿಯ ಆಸೆ ತೋರಿಸಿ ಒಳಗೆ ಕಳಿಸಿದೆ. ಓಣಿ ಖಾಲಿಯಾಯಿತು. ಅತ್ತೆಯ ಎರಡೂ ಕಾಲನ್ನು ಹೊರಗೆ ತಿರುಗಿಸಿದೆ, ಸೊಂಟಕ್ಕೆ ಕೈ ಹಾಕಿದೆ. ಮೂರನೇ ಸಲಕ್ಕೆ ಎದ್ದರು.

ಹೋದವರು ತಿರುಗಿ ಬಂದು ಮಿರ್ಚಿಗೆ ಒಳಗೆ ನುಗ್ಗಿದ ಮೇಲೆ ಅತ್ತೆಯನ್ನು ಎತ್ತರದ ಕಾರಿನ ಹತ್ತಿರ ಕರೆದುಕೊಂಡು ಹೋದೆ. ನಮ್ಮ ಮನೆಯ ಕಟ್ಟೆಯಷ್ಟೇ ಎತ್ತರ ಅದರ ಸೀಟು. ಅಡ್ಡಡ್ಡ ಕೂತರು, ಕಾಲು ಒಳಗೆಳೆದುಕೊಂಡರು. ಮತ್ತೆ ಕಾಲು ಹೊರಗಿಟ್ಟು ತಾವೇ ಎದ್ದು ನಿಂತರು. ಇನ್ನೊಮ್ಮೆ ಕೂತು, ಇನ್ನೊಮ್ಮೆ ಎದ್ದರು. ನನಗೆ ಅಷ್ಟು ಸಾಕಾಗಿತ್ತು.

ಆದರೆ ಕಾರಣ ಹೇಳುವ ಹಾಗಿರಲಿಲ್ಲ. ಅತ್ತೆಗೆ ಮಾತು ಕೊಟ್ಟಾಗಿತ್ತು. ಒಳಗೆ ಹೋಗಿ ಎತ್ತರದ್ದೇ ಬೇಕು ಅಂದೆ. ಮೈಲೇಜ್ ಎಂದರು ನಮ್ಮವರು. ಹುಬ್ಬಳ್ಳಿ ಎಂದರು ದಾದಾಪೀರಣ್ಣ. ಅವ್ವನಿಗೆ ಸೇರಿದ್ದನ್ನು ಬಿಟ್ಟು ನಿನ್ನದೇ ನಡೆಯಬೇಕೇನು ಎಂದೂ ನಮ್ಮವರು ಕೇಳಿದರು. ಆ ಮಾತು ಚುಚ್ಚಿತು. ನುಂಗಿಕೊಂಡೆ.

“ಗಾಡಿ ಓಡ್ಸಾಕಿ ನಾನು. ಎತ್ತರದ್ದು ಬರ್ಲಿಲ್ಲಂದ್ರ ಲೈಸೆನ್ಸ್ ಪೆಟ್ಟಿಗ್ಯಾಗ ಇಡತೀನಿ. ಗಿಡ್ಡದ್ದು ತಂದ್ರ ನೀವ ಓಡಸ್ರಿ.”

ಸ್ಕೂಟರ್ ಸವಾರರು ಎತ್ತರದ್ದರ ಫಾರ್ಮಿಗೆ ಸಹಿ ಹಾಕಿದರು. ನಾನು ಹಟಮಾರಿ ಎಂಬ ಸುದ್ದಿ ಓಣಿಯಲ್ಲಿ ಎಂಟು ದಿನ ಓಡಾಡಿತು. ಓಡಾಡಲಿ.

ಮೊನ್ನೆ ಹೊಳೆಮಣ್ಣೂರಿಗೆ ಹೋದೆವು. ರಸ್ತೆಯ ತಗ್ಗುಗಳಲ್ಲಿ ಎರಡು ಸಲ ಇಂಜಿನ್ ಬಂದ್ ಬಿತ್ತು. (ಕಾರಿನ ತಪ್ಪಲ್ಲ, ನನ್ನದು.) ತಂಗಿಯ ಮನೆ ಮುಂದೆ ನಿಲ್ಲಿಸಿದೆ. ನಾನು ಇಳಿಯುವುದರೊಳಗೆ ಅತ್ತೆ ಬಾಗಿಲು ತೆಗೆದು, ಎರಡೂ ಕಾಲು ನೆಲಕ್ಕಿಟ್ಟು, ಯಾರ ಕೈಯನ್ನೂ ಹಿಡಿಯದೆ ಎದ್ದು, ಸೀದಾ ತಂಗಿಯ ಹಾಸಿಗೆಯ ಕಡೆಗೆ ನಡೆದರು. ಒಳಗಿನಿಂದ ಅಕ್ಕ ತಂಗಿಯ ಅಳು ಕೇಳಿತು, ಆಮೇಲೆ ನಗು.

ನಮ್ಮವರು ಕಾರಿನಲ್ಲೇ ಕೂತು ಅದನ್ನೆಲ್ಲ ನೋಡುತ್ತಿದ್ದರು. ಮೆಲ್ಲಗೆ ಕೇಳಿದರು.

“ಅವತ್ತ ಅವ್ವಗ ಏಳಾಕ ಬಂದಿರ್ಲಿಲ್ಲೇನು?”

ನಾನು ಕೀಲಿ ತೆಗೆದುಕೊಂಡು ಕೆಳಗಿಳಿದೆ. ಅವರು ಆ ದಿನದಿಂದ ಮೈಲೇಜಿನ ಮಾತೆತ್ತಿಲ್ಲ.

ಈಗ ಕಾರು ಕೊಳ್ಳುವ ಗೆಳತಿಯರು ಯಾವುದು ಒಳ್ಳೆಯದು ಎಂದು ನನ್ನನ್ನು ಕೇಳುತ್ತಿದ್ದಾರೆ. ಕೂತವರನ್ನು ಕೇಳಬೇಡಿ, ಇಳಿಸಿ ಆಮೇಲೆ ಕೇಳಿ ಅನ್ನುತ್ತೇನೆ. ಕಾರಿನ ಮಾತು ಹಾಗಿರಲಿ, ನಿಮ್ಮ ಮನೆಯಲ್ಲಿ ಏಳಲು ಆಗದೆ ‘ಚಲೋ ಐತಿ’ ಎನ್ನುತ್ತಾ ಕೂತವರು ಯಾರು, ನೋಡಿದ್ದೀರಾ?