ಆಕ್ಟೋಪಸಿನ ಸಿಡುಬಿನ ಕಲೆ

ಕೇಳಿ ಮಾರಾಯರೇ, ಇವತ್ತು ಶಿರಸಿ ಪೇಟೆಯಲ್ಲಿ ಒಂದು ಆಕ್ಟೋಪಸಿಗೆ ಮದುವೆಯ ಕಳೆ ಬಂದಿದೆ.

ನಮ್ಮ ಹೈಸ್ಕೂಲಿನ ವಿಜ್ಞಾನದ ಕೋಣೆಯಲ್ಲಿ, ಕೆಡದಂತೆ ಜಾಡಿಯ ಔಷಧದಲ್ಲಿ ಮುಳುಗಿಸಿಟ್ಟ ಆಕ್ಟೋಪಸ್ ಒಂದಿದೆ. ಅದರ ಕಲಾತ್ಮಕ ಫೋಟೋ ತೆಗೆದು ಕಾರವಾರದ ಪ್ರದರ್ಶನಕ್ಕೆ ಕಳಿಸೋಣವೆಂದು ನಾನೂ ಸ್ಟುಡಿಯೋದ ವೀರಪ್ಪನವರೂ ಸೇರಿ ಹೊರಟಿದ್ದೆವು. ಜಾಡಿ ನನ್ನದು, ಕ್ಯಾಮೆರಾ ಅವರದು. ಇವತ್ತು ಸ್ಟುಡಿಯೋಕ್ಕೆ ಹೋಗಿ ಪ್ರಿಂಟ್ ನೋಡುತ್ತೇನೆ, ಬಂಡೆಗೆ ಅಂಟಿಕೊಳ್ಳಲು ಅದರ ತೋಳುಗಳ ಮೇಲಿರುವ ಬಟ್ಟಲುಗಳು ಒಂದೂ ಇಲ್ಲ! ತೋಳೆಲ್ಲ ಬೆಣ್ಣೆಯ ಹಾಗೆ ನುಣ್ಣಗೆ.

"ಬಟ್ಟಲು ಎಲ್ಲಿ ಹೋದವು ವೀರಪ್ಪನವರೇ?"

"ಬಟ್ಟಲೇನ್ರಿ ಮಾಸ್ತರ? ಈ ಪ್ರಾಣಿಗೂ ಸಿಡುಬು ಎದ್ದಿರಬೇಕು ಅನಕೊಂಡೆ. ನೆಗೆಟಿವ್ ಮ್ಯಾಲೆ ಪೆನ್ಸಿಲ್ ಆಡಿಸಿ ಎಲ್ಲಾ ಮುಚ್ಚೇನ್ರಿ. ಕನ್ಯಾದ ಫೋಟೋಕ್ಕ ಹಂಗ ಮಾಡ್ತೀವಲ್ರಿ!"

ನಾನು ರೇಗಬೇಕು ಎನ್ನುವಷ್ಟರಲ್ಲಿ ವಾನಳ್ಳಿಯ ನಮ್ಮ ದೊಡ್ಡಮ್ಮ ಮಗಳನ್ನು ಕರೆದುಕೊಂಡು ಒಳಗೆ ಬಂದರು. ಗಂಡಿನ ಕಡೆಯವರಿಗೆ ಕಳಿಸಲು ಫೋಟೋ ಬೇಕಿತ್ತು. ತಂಗಿಯ ಕೆನ್ನೆಯ ಮೇಲಿರುವುದು ನಿಜವಾದ ಸಿಡುಬಿನ ಕಲೆ. ದೊಡ್ಡಮ್ಮ ಮೇಜಿನ ಮೇಲಿದ್ದ ಪ್ರಿಂಟನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಎಂತ ಪ್ರಾಣಿಯೋ ಗೊತ್ತಿಲ್ಲೆ, ಮೈ ಮಾತ್ರ ಚೊಲೋ ಬಂದಿದ್ದು. ಎಂಗಳ ಕೂಸಿಂದೂ ಹಿಂಗೇ ಬರವು ಹೇಳು" ಎಂದರು.

ವೀರಪ್ಪನವರು ಗೆದ್ದವರ ಹಾಗೆ ನನ್ನ ಮುಖ ನೋಡಿದರು. ಬಟ್ಟಲು ಅಳಿಸಿದ್ದು ತಪ್ಪಾದರೆ, ತಂಗಿಯ ಕಲೆ ಅಳಿಸುವುದು ಸರಿಯೇ? ನಾನು ಆಕ್ಟೋಪಸಿನ ಪ್ರಿಂಟನ್ನು ಎತ್ತಿಕೊಂಡು ಹೊರಬಿದ್ದೆ.

ಈಗ ಕಾರವಾರಕ್ಕೆ ಫೋಟೋದ ಹಿಂದೆ ಪ್ರಾಣಿಯ ಹೆಸರು ಬರೆದು ಕಳಿಸಲೋ, ಜಾತಕವನ್ನೇ ಲಗತ್ತಿಸಿ ಕಳಿಸಲೋ, ಒಂದೂ ತಿಳಿಯುತ್ತಿಲ್ಲ.