ಕುವೈತಿನಲ್ಲಿ ಬಿಟ್ಟು ಬಂದ ವಾರ್ಡು

ತೊಕ್ಕೊಟ್ಟಿನ ಮಾರ್ಕೆಟಿನಲ್ಲಿ ಆ ದಿನ ಮೀನಿನವಳು ನನ್ನ ಪ್ಲಾಸ್ಟಿಕ್ ತೊಟ್ಟೆಗೆ ಎರಡು ಬಂಗುಡೆ ಜಾಸ್ತಿ ಹಾಕಿದಳು. ಇಷ್ಟು ವರ್ಷದಲ್ಲಿ ಒಂದು ಬೂತಾಯಿ ಸಹ ಪುಕ್ಕಟೆ ಕೊಟ್ಟವಳಲ್ಲ. "ಇರ್ಲಿ ಬಾಯಮ್ಮ, ನಿಮ್ಮ ವೀಡಿಯೊ ನೋಡಿದೆ. ಆ ಸೈನಿಕರು ಹಸುಗೂಸುಗಳನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು ನೆಲಕ್ಕೆ ಹಾಕಿದರಂತಲ್ಲ! ಹೇಗೆ ನೋಡಿದಿರೋ ಪಾಪ," ಎಂದು ಸೆರಗಿನಲ್ಲಿ ಕಣ್ಣೊರೆಸಿದಳು.

ನಾನು ಅಂಥದ್ದನ್ನು ನೋಡಿಯೇ ಇಲ್ಲ. ನೋಡಿದೆ ಅಂತ ಯಾರಿಗೂ ಹೇಳಿಯೂ ಇಲ್ಲ.

ವೀಡಿಯೊ ನನ್ನ ಅಕ್ಕನ ಮಗನದ್ದು. ಅವನಿಗೆ ಪಣಂಬೂರು ಬಂದರಿನಲ್ಲಿ ಕೆಲಸ, ರಜೆ ಸಿಕ್ಕಿದರೆ ಫೋನಿನಲ್ಲಿ ಚರಿತ್ರೆ. ಎಲ್ಲಿಯದೋ ಯುದ್ಧ, ಎಲ್ಲಿಯದೋ ಕ್ರಾಂತಿ, ಯಾರೂ ಕೇಳದ ಕತೆ ಅಂತ ಹಾಕ್ತಾ ಇರ್ತಾನೆ. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ನಾನು ಅಲ್ಲಿ ನರ್ಸ್ ಆಗಿದ್ದೆ, ತಿಂಗಳು ತುಂಬದೆ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ. ಅದನ್ನು ಹೇಳಿ ಮೌಶಿ ಅಂತ ಬೆನ್ನು ಬಿದ್ದಿದ್ದ. ಒಂದು ಗಂಟೆ ಹೇಳಿದೆ. ಮಧ್ಯೆ ಒಮ್ಮೆ ಅಳು ಬಂತು, ಮಾತು ನಿಂತಿತು.

ಮನೆಗೆ ಬಂದು ವೀಡಿಯೊ ನೋಡಿದೆ. ದೇವಾ! ನಾನು ಹೇಳಿದ್ದು ಒಂದೂ ಇಲ್ಲ. ನನ್ನ ಅಳು ಮಾತ್ರ ಉಂಟು. ಅದರ ಮೇಲೆ ಇವನ ಸ್ವರ, ಪಿಟೀಲು, ಸೈನಿಕರು ಮಕ್ಕಳನ್ನು ಕೊಂದ ಕತೆ. ಕೆಳಗೆ ದಪ್ಪ ಅಕ್ಷರದಲ್ಲಿ 'ಕಣ್ಣಾರೆ ಕಂಡ ಮಂಗಳೂರಿನ ನರ್ಸ್.' ಮೈ ಉರಿದು ಹೋಯಿತು. ಮೀನು ತೊಳೆಯದೆ ಅಲ್ಲೇ ಬಿಟ್ಟು ಅವನಿಗೆ ಫೋನ್ ಮಾಡಿದೆ. "ಕೆಲಸ ಬಿಟ್ಟವನೇ ಸೀದಾ ಇಲ್ಲಿಗೆ ಬಾ. ಊಟ ಆಮೇಲೆ."

ಆ ಕತೆ ಹಳೆಯದು. ನಾನು ಊರಿಗೆ ಬಂದು ಮುಟ್ಟಿದ ಮೇಲೆ ಅಮೆರಿಕದಲ್ಲಿ ಒಂದು ಹುಡುಗಿ ಅಲ್ಲಿನ ಸಂಸದರ ಮುಂದೆ ಅತ್ತು ಹೇಳಿದ್ದು. ಲೋಕವೆಲ್ಲ ನಂಬಿತು. ಯುದ್ಧ ಬೇಕೆಂದವರು ಅದನ್ನೇ ಎತ್ತಿ ಎತ್ತಿ ಹೇಳಿದರು. ಎಲ್ಲ ಮುಗಿದ ಮೇಲೆ ವಿಚಾರಿಸಿದರೆ ಅದಕ್ಕೆ ಬುಡವೇ ಇಲ್ಲ. ಸೈನಿಕರು ಸಾಧುಗಳು ಅಂತ ನಾನು ಹೇಳ್ತಾ ಇಲ್ಲ. ಅಂಗಡಿ ದೋಚಿದರು, ಗಂಡಸರನ್ನು ಎತ್ತಿಕೊಂಡು ಹೋದರು, ನಾವು ಜೀವ ಕೈಯಲ್ಲಿ ಹಿಡಿದು ಇದ್ದೆವು. ಆದರೆ ಮಾಡಿದ ಪಾಪ ಸಾಲದು ಅಂತ ಮಾಡದ್ದನ್ನೂ ಸೇರಿಸುವುದಾ?

ಅಕ್ಕನ ಮಗ ಬಂದ. ಹೆಲ್ಮೆಟ್ ಇನ್ನೂ ಕೈಯಲ್ಲೇ ಉಂಟು.

"ನೆಟ್‌ನಲ್ಲಿ ಹಾಗೇ ಉಂಟಲ್ಲ ಮೌಶಿ. ಸುಮ್ಮನೆ ಬಸ್ಸು, ಮರುಭೂಮಿ ಅಂದ್ರೆ ಯಾರು ನೋಡ್ತಾರೆ? ನಿಮಗೆ ಎಂತ ನಷ್ಟ? ಜನ ನಿಮ್ಮನ್ನು ಹೊಗಳ್ತಾ ಇದ್ದಾರೆ."

"ಅದೇ ನನಗೆ ಆಗುದಿಲ್ಲ ಮಾರಾಯ! ನಾನು ಯಾಕೆ ಅತ್ತದ್ದು ಅಂತ ನಿನಗೆ ಗೊತ್ತುಂಟಾ? ಹೇಳಿದ್ದೆನಲ್ಲ, ಕೇಳಿದ್ದೀಯಾ?"

ಅವನು ಹೆಲ್ಮೆಟ್ ಕೆಳಗಿಟ್ಟ. ಕೇಳಿರಲಿಲ್ಲ. ಆ ದಿನ ನನ್ನ ಮುಖಕ್ಕೆ ಲೈಟು ಸರಿ ಬೀಳ್ತದಾ ಅಂತ ನೋಡ್ತಾ ಇದ್ದ.

ಮತ್ತೊಮ್ಮೆ ಹೇಳಿದೆ. ನರ್ಸಿಂಗಿನಲ್ಲಿ ಒಂದು ಕ್ರಮ ಉಂಟು. ಶಿಫ್ಟ್ ಮುಗಿಯಿತು ಅಂತ ಹೊರಡ್ಲಿಕ್ಕೆ ಇಲ್ಲ. ಮುಂದಿನವಳು ಬರಬೇಕು, ಪ್ರತಿ ಹಾಸಿಗೆಯ ಹತ್ತಿರ ನಿಂತು ಈ ರೋಗಿಗೆ ಇದು, ಆ ರೋಗಿಗೆ ಅದು ಅಂತ ಚಾರ್ಜ್ ಒಪ್ಪಿಸಬೇಕು. ಅಲ್ಲಿವರೆಗೆ ಕಾಲು ಸತ್ತರೂ ನಿಲ್ಲಬೇಕು. ಸೈನ್ಯ ಬಂದ ಮೇಲೆ ನರ್ಸುಗಳು ಒಬ್ಬೊಬ್ಬರೇ ಊರಿಗೆ ಹೊರಟರು. ಮರುಭೂಮಿ ದಾಟಿ ಅಮ್ಮಾನ್ ಪಟ್ಟಣಕ್ಕೆ ಬಸ್ಸು ಉಂಟು, ಅಲ್ಲಿಂದ ಬೊಂಬಾಯಿಗೆ ವಿಮಾನ. ಒಂದು ಬೆಳಿಗ್ಗೆ ನನಗೂ ಬಸ್ಸಿನಲ್ಲಿ ಸೀಟು ಸಿಕ್ಕಿತು. ವಾರ್ಡಿನಲ್ಲಿ ನಾಲ್ಕು ಮಕ್ಕಳು. ಮುಂದಿನ ಶಿಫ್ಟಿನವಳು ಬರಲಿಲ್ಲ. ಹನ್ನೊಂದರವರೆಗೆ ಕಾದೆ. ಕೆಳಗೆ ಹಾರ್ನ್ ಹಾಕಿದರು. ನಾಲ್ಕಕ್ಕೂ ಹಾಲು ಕುಡಿಸಿ, ಗುಡಿಸುವ ಹೆಂಗಸಿಗೆ "ಈಗ ಬರ್ತೇನೆ" ಎಂದು ಹೇಳಿ ಇಳಿದೆ.

ಆ ಮಕ್ಕಳು ಏನಾದವು, ನನಗೆ ಗೊತ್ತಿಲ್ಲ. ನೋಡಿಕೊಳ್ಳುವವರಿಲ್ಲದೆ ಮಕ್ಕಳು ಸತ್ತದ್ದು ಉಂಟು ಅಂತ ಆಮೇಲೆ ಕೇಳಿದೆ. ಅಮೆರಿಕದ ಆ ಸುಳ್ಳು ಇಲ್ಲಿಗೆ ಬಂದಾಗ ಇಗರ್ಜಿಯಲ್ಲಿ ಪ್ರಾರ್ಥನೆಗೆ ಬಂದವರೆಲ್ಲ ಕೇಳಿದರು, ನಿಜವಾ ಅಂತ. ನಾನು ಅಲ್ಲ ಅನ್ನಲಿಲ್ಲ. ತಲೆ ತಗ್ಗಿಸಿ ನಿಂತೆ. ಆ ಸುಳ್ಳಿನ ಮರೆಯಲ್ಲಿ ನಾನು ಮಾಡಿದ್ದೂ ಮುಚ್ಚಿಹೋಗಿತ್ತಲ್ಲ. ಥೂ, ನನ್ನ ಜನ್ಮಕ್ಕೆ!

ಅಕ್ಕನ ಮಗ ಜೇಬಿನಿಂದ ಫೋನ್ ತೆಗೆದು, "ಡಿಲೀಟ್ ಮಾಡ್ತೇನೆ ಮೌಶಿ, ಈಗಲೇ. ಯಾರಿಗೂ ಏನೂ ಗೊತ್ತಾಗುದಿಲ್ಲ," ಅಂದ.

"ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಲ್ವಾ? ಬೇಡ. ಅದನ್ನು ತೆಗೆ, ಇದನ್ನು ಹಾಕು. ಫೋನ್ ಎತ್ತು."

"ಜನ ನಿಮ್ಮನ್ನು ಬೈತಾರೆ. ಅಮ್ಮನೂ ನೋಡ್ತಾಳೆ."

"ನೋಡಲಿ."

ಅವನು ಫೋನ್ ಹಿಡಿದ. ಈ ಸಲ ಲೈಟು ನೋಡಲಿಲ್ಲ. ನಾನು ಕನ್ನಡಕ ತೆಗೆದು ಪಕ್ಕಕ್ಕಿಟ್ಟು ಹೇಳಿದೆ: "ನನ್ನ ವಾರ್ಡಿನಲ್ಲಿ ಆ ಮಕ್ಕಳನ್ನು ಯಾವ ಸೈನಿಕನೂ ಮುಟ್ಟಲಿಲ್ಲ. ಅವರನ್ನು ಬಿಟ್ಟು ಹೋದದ್ದು ನಾನು."