ಒಟ್ಟಿಗೆ ತಿರುವಿದ ಎರಡು ಹಾಳೆ

ಕಾಕುವಿನ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಕಾದ ಹಂಚಿನ ಮೇಲೆ ವರ್ಷಗಟ್ಟಲೆ ರೊಟ್ಟಿ ತಿರುವಿ ಹತ್ತೂ ಬೆರಳು ನುಣುಪಾಗಿ, ತೊಳೆದ ಹುಣಸೆಬೀಜದ ಹಾಗೆ ಹೊಳೆಯುತ್ತಿದ್ದವು. ರೇಷನ್ ಅಂಗಡಿಯ ಯಂತ್ರ ಅವರನ್ನು ಗುರುತಿಸುತ್ತಿರಲಿಲ್ಲ. ಹೆಬ್ಬೆರಳು ಒತ್ತಿದರೆ ಕೆಂಪು ದೀಪ, ಸೆರಗಿಗೆ ಒರೆಸಿ ಮತ್ತೆ ಒತ್ತಿದರೂ ಕೆಂಪು ದೀಪ. ಒಮ್ಮೆ ನಾನು ಜೊತೆಗಿದ್ದೆ. ಅಂಗಡಿಯವನು ತೆಲುಗಿನಲ್ಲಿ ಏನೋ ಗೊಣಗಿದ. ಕಾಕು ನನ್ನ ಕಡೆ ತಿರುಗಿ, "ನೋಡವ್ವಾ, ಸರಕಾರದ ಪಾಲಿಗೆ ನಾ ಇನ್ನಾ ಹುಟ್ಟೇ ಇಲ್ಲ" ಎಂದು ನಕ್ಕರು.

ಆ ಬೆರಳುಗಳ ನೆನಪು ಖಚಿತ. ಉಳಿದದ್ದನ್ನು ಹೇಳುವಾಗ ನನ್ನನ್ನು ನಾನು ಪೂರ್ತಿ ನಂಬುವುದಿಲ್ಲ. ಆ ವರ್ಷಗಳ ದಿನಚರಿ ಇದೆ, ನಿಜ. ಆದರೆ ದಿನಚರಿ ಬರೆಯುವವರಿಗೆಲ್ಲ ಗೊತ್ತಿರುತ್ತದೆ: ಮುಂದೆ ಯಾವುದು ಚುಚ್ಚಲಿದೆಯೋ ಅದನ್ನು ಆ ದಿನ ಬರೆದಿರುವುದಿಲ್ಲ.

ಕಲಬುರಗಿಯಲ್ಲಿ ಎಂ.ಎ. ಮುಗಿಸಿ, ದಿಲ್‌ಸುಖ್‌ನಗರದ ಒಂದು ಕೋಚಿಂಗ್ ಸೆಂಟರಿನಲ್ಲಿ ಇಂಗ್ಲಿಷ್ ಕಲಿಸಲು ಬಂದಿದ್ದೆ. ನಾನಿದ್ದ ಹೆಣ್ಣುಮಕ್ಕಳ ಹಾಸ್ಟೆಲಿನ ಹಿಂದಿನ ಗಲ್ಲಿಯಲ್ಲಿ ಒಂದೇ ಷಟರಿನ ಕೋಣೆ, ಒಳಗೆ ಎರಡು ಒಲೆ, ಎರಡು ಹಂಚು. ಕಾಕು ಬೀದರ ಕಡೆಯವರು. ಗಂಡ ತೀರಿದ ಮೇಲೆ ರೊಟ್ಟಿ ಬಡಿದೇ ಒಬ್ಬ ಮಗಳನ್ನು ಓದಿಸಿ, ವರಂಗಲ್ಲಿಗೆ ಮದುವೆ ಮಾಡಿಕೊಟ್ಟಿದ್ದರು. ಚಿಕ್ಕಪ್ಪನ ಹೆಂಡತಿಗೆ ನಮ್ಮ ಕಡೆ ಕಾಕು ಅನ್ನುತ್ತೇವೆ. ಅರ್ಥ ಗೊತ್ತಿಲ್ಲದ ತೆಲುಗು ಹುಡುಗಿಯರೂ ಅವರನ್ನು ಕಾಕು ಎಂದೇ ಕರೆಯುತ್ತಿದ್ದರು. ಅವರು ಗೋಂಗೂರ ಕೇಳಿದರೆ ಕಾಕು ಪುಂಡಿಪಲ್ಯ ಕೊಡುತ್ತಿದ್ದರು. ಎರಡೂ ಒಂದೇ ಎಂದು ಕೊನೆಯವರೆಗೂ ಒಪ್ಪಲಿಲ್ಲ.

ಒಂದು ಸಂಜೆ ನನ್ನ ಮುಂದೆ ಒಂದು ಪುಸ್ತಕ ಇಟ್ಟರು. ರೊಟ್ಟಿ ಸುತ್ತುವ ಬಟ್ಟೆ ತರಲು ಸುಲ್ತಾನ್ ಬಜಾರಿಗೆ ಹೋದಾಗ ಫುಟ್‌ಪಾತಿನ ಮೇಲೆ ಕಂಡದ್ದಂತೆ. ಮುಖಪುಟದಲ್ಲಿ ಏಣಿ ಹತ್ತುತ್ತಿರುವ ಮನುಷ್ಯ. ಸಣ್ಣ ವ್ಯಾಪಾರದವರಿಗೆ ಇದು ದೇವರ ಪೋಥಿ ಇದ್ದಂಗೆ ಎಂದು ಮಾರುವವನು ಹೇಳಿದ್ದನಂತೆ. ಕಾಕು ಓದಿದ್ದು ನಾಲ್ಕನೆಯ ಇಯತ್ತೆ, ಅದೂ ಕನ್ನಡ ಸಾಲೆಯಲ್ಲಿ.

"ಬಾಯಾರ, ನಿಮಗ ಇಂಗ್ಲಿಷ್ ಬರ್ತೈತಲ್ಲ, ಇದರಾಗ ಏನ್ ಬರದಾನ ಹೇಳ್ರಿ. ನನ್ನ ಕೈ ಖಾಲಿ ಇಲ್ಲ, ಕಿವಿ ಖಾಲಿ ಅದಾವ."

ಖುಷಿಯಲ್ಲಿದ್ದಾಗ ನಾನು ಬಾಯಾರು, ಅಂದರೆ ಸಾಲೆಯ ಟೀಚರು. ಬೇರೆ ಹೊತ್ತಿನಲ್ಲಿ ಯವ್ವಾ. ನನ್ನ ಪಾಠ ಮುಗಿದು ಅವರ ಗಿರಾಕಿಗಳು ಬರುವವರೆಗಿನ ಒಂದು ತಾಸು ಇಬ್ಬರಿಗೂ ಬಿಡುವು. ಅದು ಸರಿಯಾಗಿ ದೀಪ ಹಚ್ಚುವ ಹೊತ್ತು. ಕಾಕು ಗೋಡೆಯ ದೇವರ ಫೋಟೋದ ಮುಂದೆ ದೀಪವಿಟ್ಟು, ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂರುವರು. ನಾನು ಹಿಟ್ಟಿನ ಡಬ್ಬಿಯ ಮೇಲೆ ಕುಳಿತು, ಇಂಗ್ಲಿಷಿನಲ್ಲಿ ಕಣ್ಣಾಡಿಸುತ್ತ ಬಾಯಲ್ಲಿ ಕನ್ನಡ ಹೇಳುವೆ.

ಮೊದಲ ದಿನವೇ ಎಡವಿದೆ. ಪುಸ್ತಕ ಬರೆದವನ ತಂದೆಯ ಅಂಗಡಿ ಮುಳುಗಿದ ಕಥೆಯಿಂದ ಅದು ಶುರುವಾಗುತ್ತಿತ್ತು. ನಾನು 'ಮುಳುಗಿತು' ಅಂದೆ. ರೊಟ್ಟಿಯ ಮೇಲೆ ಆಡುತ್ತಿದ್ದ ಕೈ ನಿಂತಿತು.

"ದೀಪ ಹಚ್ಚೂ ಹೊತ್ತಿನ್ಯಾಗ ಹಂತಾ ಮಾತ ಆಡಬಾರದವ್ವಾ. ಅಸ್ತು ದೇವತಿಗೋಳು ತಿರಗ್ತಿರ್ತಾವ. ನಾವ ಏನಂತೀವಿ ಅದಕ್ಕ ಅಸ್ತು ಅಂದುಬಿಡ್ತಾವ."

ಎಂ.ಎ. ಓದಿದವಳು ಒಳಗೊಳಗೇ ನಕ್ಕೆ. ಆದರೆ ಮಾರನೆಯ ದಿನದಿಂದ ಅವರ ಮಾತಿನಂತೆ ನಡೆದೆ. ನಷ್ಟ ಬಂದಲ್ಲಿ ಹಾರಿದೆ, ಮುಚ್ಚಿದ ಅಂಗಡಿ ಬಂದಲ್ಲಿ ವಾಕ್ಯ ಕತ್ತರಿಸಿ ಮುಂದಿನದಕ್ಕೆ ಜೋಡಿಸಿದೆ. ಈ ಕೆಲಸ ನನಗೆ ಬೇಗ ಕೈವಶವಾಯಿತು. ಜಂಭವೂ ಇತ್ತು ಅನಿಸುತ್ತದೆ. ಹೀಗಾಗಿ ಕಾಕು ಕೇಳಿದ ಪುಸ್ತಕಗಳಲ್ಲಿ ಯಾರೂ ಬೀಳುತ್ತಿರಲಿಲ್ಲ. ಎಲ್ಲರೂ ಹತ್ತುತ್ತಲೇ ಇದ್ದರು.

ಇಂಥ ಪುಸ್ತಕಗಳನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಗೇಲಿ ಮಾಡುತ್ತಿದ್ದೆವು. ಕಾಕುವಿನ ಕೋಣೆಯಲ್ಲಿ ಅದು ಸಾಧ್ಯವಾಗಲಿಲ್ಲ. ಬರೆದವನನ್ನು ಅವರು 'ಪುಸ್ತಕದಾಂವ' ಎನ್ನುತ್ತಿದ್ದರು, ನೆರೆಮನೆಯವನೊಂದಿಗೆ ಜಗಳವಾಡುವಂತೆ ಅವನೊಂದಿಗೆ ವಾದ ಮಾಡುತ್ತಿದ್ದರು. ಉಳಿದ ಗಿರಾಕಿಗಿಂತ ಬಿಟ್ಟುಹೋದ ಗಿರಾಕಿಯನ್ನು ಹುಡುಕಿಕೊಂಡು ಹೋಗು ಎಂದು ಅವನು ಒಂದು ಕಡೆ ಬರೆದಿದ್ದ. "ಬಿಟ್ಟ ಹೋದವರ ಹಿಂದ ಹೋಗಾಕ ನಾ ಏನ್ ಅವರ ಅತ್ತಿಯೇನು?" ಎಂದು ಕಾಕು ಬೈದರು. ಮಾರನೆಯ ದಿನ ನೋಡಿದರೆ ನಮ್ಮ ಹಾಸ್ಟೆಲಿನ ಗೇಟಿನಲ್ಲಿ ನಿಂತು, ರೊಟ್ಟಿ ಬಿಟ್ಟ ಹುಡುಗಿಯೊಬ್ಬಳನ್ನು ತಮ್ಮ ಹರಕು ತೆಲುಗಿನಲ್ಲಿ ವಿಚಾರಿಸುತ್ತಿದ್ದರು. ಕ್ಲಾಸು ಮುಗಿಸಿ ಬರುವಷ್ಟರಲ್ಲಿ ರೊಟ್ಟಿ ಚರ್ಮದಂತಾಗಿರುತ್ತದೆ ಎಂದಳು ಆಕೆ. ಕಾಕು ವಾಪಸು ಬಂದರು. ಆ ವಾರದಿಂದ ತಡವಾಗಿ ಉಣ್ಣುವವರಿಗೆಂದು ತೆಳ್ಳಗೆ ಬಡಿದು, ಹಂಚಿನ ಅಂಚಿಗೆ ನಿಲ್ಲಿಸಿ ಒಣಗಿಸಿದ ಖಡಕ್ ರೊಟ್ಟಿ ಶುರುವಾಯಿತು. ಮುಂದೆ ಅವರಿಗೆ ಹೆಸರು ತಂದದ್ದು ಅದೇ.

"ಪುಸ್ತಕದಾಂವ ಜೋಳ ಕಂಡಿಲ್ಲ. ಆದರ ಹಸಿವಿ ಕಂಡಾನ" ಎಂದರು.

ಇನ್ನೊಂದು ಬದಲಾವಣೆ ಕಂಡೆ. ಹಾಸ್ಟೆಲಿನ ಮ್ಯಾನೇಜರ ಬಂದರೆ ಮೊದಲೆಲ್ಲ ಎದ್ದು ನಿಲ್ಲುತ್ತಿದ್ದರು. ಅದೇ ಫುಟ್‌ಪಾತಿನಿಂದ ತಂದ ಪುಸ್ತಕದಾಂವನ ಎರಡನೆಯ ಪುಸ್ತಕ ಮುಗಿಯುವಷ್ಟರಲ್ಲಿ ಕೂತಲ್ಲಿಂದಲೇ "ಬೋಲೋ" ಅನ್ನುತ್ತಿದ್ದರು. ನಾನು ಚೇಷ್ಟೆ ಮಾಡಿದಾಗ ಅವರು ನಗಲಿಲ್ಲ. "ಪುಸ್ತಕದಾಂವ ನನಗ ಮಾಲಕಿ ಅಂದಾನವ್ವಾ. ಇಷ್ಟ ವರ್ಷ ಯಾರೂ ಅಂದಿದ್ದಿಲ್ಲ."

ಅವನದೇ ಮೂರನೆಯ ಪುಸ್ತಕದ ಹೊತ್ತಿಗೆ ಮಣಿಕೊಂಡದ ಮಾತು ಬಂತು. ಅಲ್ಲಿನ ಆಫೀಸೊಂದರಲ್ಲಿದ್ದ ವಿಜಯಪುರದ ಹೆಣ್ಣುಮಗಳೊಬ್ಬಳು ಭಾನುವಾರಕ್ಕೊಮ್ಮೆ ಊರಿನ ಈ ತುದಿಗೆ ಬಂದು ವಾರಕ್ಕಾಗುವಷ್ಟು ಖಡಕ್ ರೊಟ್ಟಿ ಒಯ್ಯುತ್ತಿದ್ದಳು. ಅಲ್ಲಿ ನಮ್ಮ ಮಂದಿ ಬಹಳ, ರೊಟ್ಟಿ ಮಾಡುವವರು ಯಾರೂ ಇಲ್ಲ, ನೀವೇ ಬಂದುಬಿಡಿ ಎಂದು ಪ್ರತಿ ಸಲವೂ ಹೇಳುತ್ತಿದ್ದಳು. ಕಾಕು ಹೋಗಿ, ಅಪಾರ್ಟ್‌ಮೆಂಟಿನ ಕೆಳಗಿನ ಒಂದು ಕೋಣೆ ನೋಡಿ ಬಂದರು. ಆ ಸಂಜೆ ದೀಪ ಹಚ್ಚಿ ಕುಳಿತವರ ಮುಖ ನನಗೆ ಈಗಲೂ ಕಾಣುತ್ತದೆ. ನಿಜವಾಗಿ ಕಾಣುತ್ತದೆಯೋ, ಆಮೇಲಿನ ಪಶ್ಚಾತ್ತಾಪ ಆ ಮುಖಕ್ಕೆ ಬೆಳಕು ಹಚ್ಚಿದೆಯೋ ಹೇಳಲಾರೆ.

ಅಂದಿನ ಅಧ್ಯಾಯ ಎರಡನೆಯ ಅಂಗಡಿ ತೆರೆಯುವುದರ ಬಗ್ಗೆ. ನನ್ನ ಕಣ್ಣು ಬಾಯಿಗಿಂತ ಮುಂದೆ ಓಡುತ್ತಿತ್ತು. ಪುಸ್ತಕದವನು ತನ್ನ ಮೊದಲಿನ ಅಂಗಡಿಯನ್ನು ಬೇರೆಯವರ ಕೈಗೆ ಬಿಟ್ಟು ಎರಡನೆಯದಕ್ಕೆ ಓಡಿದ್ದ, ಎರಡೂ ಮುಚ್ಚಿದ್ದವು. ಅದರಿಂದ ಕಲಿತದ್ದನ್ನು ಬರೆದಿದ್ದ. ಎರಡನೆಯದನ್ನು ತೆರೆಯುವ ಮೊದಲು ಹತ್ತು ದಿನ ಮೊದಲನೆಯದರಿಂದ ದೂರವಿರು. ವಾಪಸು ಬಂದಾಗ ನಿನ್ನನ್ನು ಯಾರೂ ಕೇಳದೆ ಇದ್ದರೆ ಧೈರ್ಯವಾಗಿ ತೆರೆ. ಬಂದವರೆಲ್ಲ ನೀನೆಲ್ಲಿ ಎಂದು ಕೇಳಿದ್ದರೆ ತೆರೆಯಬೇಡ. ಆಗ ಅಂಗಡಿ ನಿನ್ನ ಕೈಯಲ್ಲಿಲ್ಲ, ನಿನ್ನ ಕೈಯೇ ಅಂಗಡಿ.

"ಮುಂದ?" ಎಂದರು ಕಾಕು. ನಾನು ನಿಂತಾಗಲೆಲ್ಲ ಹಾಗನ್ನುವುದು ಅವರ ರೂಢಿ.

ಎರಡು ಹಾಳೆಗಳನ್ನು ಒಟ್ಟಿಗೆ ತಿರುವಿದೆ. ಹೊಸ ಅಂಗಡಿಗೆ ಎಂಥ ಬೋರ್ಡು ಹಾಕಬೇಕು ಎಂಬಲ್ಲಿಂದ ಓದಿದೆ.

ಯಾಕೆ? ಅವರೇ ಹಾಕಿದ ನಿಯಮ ಅದು ಎನ್ನಬಹುದು. ಅವರ ಖುಷಿಗೆ ಕಲ್ಲು ಹಾಕುವವಳು ನಾನಾಗಬಾರದು ಅನಿಸಿತ್ತು ಎನ್ನಲೂಬಹುದು. ದಿನಚರಿಯಲ್ಲಿ ಆ ದಿನ ಇರುವುದು ಇಷ್ಟೇ: 'ಕಾಕು ಖುಷಿಯಾಗಿದ್ದಾರೆ. ಪುಂಡಿಪಲ್ಯ. ತಲೆನೋವು.' ಬರೀ ತಲೆನೋವಿಗಾಗಿ ಬೇಗ ಮುಗಿಸಲು ಹಾರಿಸಿದೆನೇನೋ ಎಂಬ ಯೋಚನೆ ಎಲ್ಲಕ್ಕಿಂತ ಹೆಚ್ಚು ಹೆದರಿಸುತ್ತದೆ. ಯಾವ ಕಾರಣವೇ ಇರಲಿ, ಮಾರನೆಯ ಬೆಳಿಗ್ಗೆ ಹೇಳಬಹುದಿತ್ತು. ಅಸ್ತು ದೇವತೆಗಳು ತಿರುಗುವುದು ಸಂಜೆ ಮಾತ್ರ.

ಮಣಿಕೊಂಡದಲ್ಲಿ ಅಂಗಡಿ ತೆರೆದಾಗ ನಾನೂ ಹೋಗಿದ್ದೆ. ಬೋರ್ಡು ನಾನು ಓದಿದ ಹಾಗೆಯೇ ಇತ್ತು: ದೊಡ್ಡ ಅಕ್ಷರ, ಕಡಿಮೆ ಮಾತು. ದಿಲ್‌ಸುಖ್‌ನಗರದ ಒಲೆಗಳನ್ನು ಇಬ್ಬರು ಹೆಂಗಸರಿಗೆ ಒಪ್ಪಿಸಿದ್ದರು. ಅವರ ರೊಟ್ಟಿಯೂ ದುಂಡಗಿತ್ತು, ಆದರೆ ಅಂಚು ಬಿರಿಯುತ್ತಿತ್ತು. ಹುಡುಗಿಯರು ಬಂದು ಕಾಕು ಎಲ್ಲಿ ಎಂದು ಕೇಳುವರು, ಇಲ್ಲವೆಂದರೆ ನಾಳೆ ಬರುತ್ತೇವೆ ಎಂದು ಹೋಗುವರು. ಅವರು ಕೇಳುವುದನ್ನು ನಾನೇ ಕಿವಿಯಾರೆ ಕೇಳಿದೆ. ಆಗಲೂ ಆ ಹಾಳೆಗಳ ಮಾತು ತೆಗೆಯಲಿಲ್ಲ. ಕಾಕು ಬೆಳಿಗ್ಗೆ ಇಲ್ಲಿ ಹಿಟ್ಟಿಗೆ ಎಸರು ಹಾಕಿ, ಮೆಟ್ರೋದಲ್ಲಿ ಅಮೀರ್‌ಪೇಟೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ರಾಯದುರ್ಗದಿಂದ ಆಟೋ ಹಿಡಿದು ಅಲ್ಲಿನ ಒಲೆ ಹಚ್ಚುತ್ತಿದ್ದರು. ಮಣಿಕೊಂಡದ ಮಂದಿ ವಾರವಿಡೀ ಆಫೀಸಿನಲ್ಲೇ ಉಂಡು ಭಾನುವಾರ ಮಾತ್ರ ಬಂದು ಸಾಲು ನಿಲ್ಲುತ್ತಿದ್ದರು. ವರ್ಷ ತುಂಬುವ ಮೊದಲೇ ದಿಲ್‌ಸುಖ್‌ನಗರದ ಷಟರು ಬೇರೆಯವರ ಪಾಲಾಯಿತು. ಈಗ ಅಲ್ಲಿ ಫೋನಿನ ಕವರುಗಳು ತೂಗಾಡುತ್ತವೆ. ಮಳೆಗಾಲದಲ್ಲಿ ಮಣಿಕೊಂಡದ್ದೂ ಹೋಯಿತು. ಸರೂರ್‌ನಗರದ ಒಂದು ಬಾಡಿಗೆ ಕೋಣೆಯಲ್ಲಿ, ಗುರುತಿನ ನಾಲ್ಕಾರು ಮನೆಗಳಿಗೆ ರೊಟ್ಟಿ ಬಡಿಯುತ್ತ ಕಾಕು ಮತ್ತೆ ಮೊದಲಿಗಿಂತ ಹಿಂದಕ್ಕೆ ಬಂದು ನಿಂತರು.

ಅಲ್ಲಿಗೆ ಒಂದು ಭಾನುವಾರ ಹೋದೆ. ಬೆಳಗಿನ ಹತ್ತು ಗಂಟೆ ಇರಬಹುದು. ಕಿಟಕಿಯಿಂದ ಬಿಸಿಲು ಹಿಟ್ಟಿನ ಮೇಲೆ ಬಿದ್ದಿತ್ತು. ತಟ್ಟೆ ಹಾಕಿ ಒಂದು ರೊಟ್ಟಿ ಬಡಿಸಿ, ಎರಡನೆಯದನ್ನು ಬಡಿಯುತ್ತ, ನನ್ನ ಕಡೆ ನೋಡದೆ ಕೇಳಿದರು:

"ಅವತ್ತ ಎರಡ ಹಾಳಿ ಒಮ್ಮೆಲೆ ತಿರುವಿದಿ. ಏನಿತ್ತವ್ವಾ ಅದರಾಗ?"

ಅವರು ನೋಡಿದ್ದರು. ರೊಟ್ಟಿಯ ಮೇಲೆ ಕಣ್ಣಿಟ್ಟವರು ನನ್ನ ಬೆರಳುಗಳನ್ನೂ ನೋಡಿದ್ದರು.

"ಏನಿಲ್ಲ ಕಾಕು. ಅವನ ಮನಿ ವಿಚಾರ, ಹೆಂಡ್ತಿ ಮಕ್ಕಳ ಕತಿ."

"ಹಂಗಾ" ಎಂದರು. ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ, ಉಬ್ಬಿದ ಮೇಲೆ ನನ್ನ ತಟ್ಟೆಗೆ ಹಾಕಿದರು.

ಆಮೇಲೆ ನನಗೆ ಊರಾಚೆಯ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ದೂರ ಎಂಬ ನೆವ ಸಿಕ್ಕಿತು. ಎರಡು ಸಲ ಹೋದೆನೋ ಮೂರು ಸಲವೋ. ಹಬ್ಬಕ್ಕೆ ಫೋನು ಮಾಡುತ್ತಿದ್ದೆ. ಕಳೆದ ಬೇಸಿಗೆಯಲ್ಲಿ ಅವರ ಮಗಳ ಫೋನು ಬಂತು. ಬೆಳಿಗ್ಗೆ ಹಿಟ್ಟು ನಾದುತ್ತ ಕುಳಿತಲ್ಲೇ ಗೋಡೆಗೆ ಒರಗಿದ್ದರಂತೆ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಗಳು ರೊಟ್ಟಿ ಸುತ್ತುವ ಬಟ್ಟೆಯಲ್ಲಿ ಗಂಟು ಕಟ್ಟಿದ ಮೂರು ಪುಸ್ತಕಗಳನ್ನು ನನ್ನ ಕೈಗೆ ಕೊಟ್ಟಳು. ಇವು ಬಾಯಾರವು, ಅವರಿಗೇ ಕೊಡಬೇಕು ಎಂದು ಅವ್ವ ಮೊದಲೇ ಹೇಳಿಟ್ಟಿದ್ದರಂತೆ. ಮೂರನೆಯದನ್ನು ಅಲ್ಲೇ ಬಿಚ್ಚಿದೆ. ಆ ಎರಡು ಹಾಳೆಗಳ ಅಂಚಿನಲ್ಲಿ ಒಣಗಿದ ಹಿಟ್ಟಿನ ಗುರುತುಗಳಿದ್ದವು. ನನ್ನ ಬೆರಳಿನವೇ ಇರಬಹುದೆಂದು ಬೆಳಕಿಗೆ ಹಿಡಿದು ನೋಡಿದೆ. ಗೆರೆಗಳಿರಲಿಲ್ಲ.

ನನ್ನ ಮುಖ ನೋಡಿ ಮಗಳೇ ಹೇಳಿದಳು. ಮಣಿಕೊಂಡದ ಅಂಗಡಿ ಖಾಲಿ ಮಾಡಲು ಅವಳು ಬಂದಿದ್ದಾಗ ಅವ್ವ ಪುಸ್ತಕ ತೆಗೆದು, ಹಾಳೆಗಳನ್ನು ಬೆರಳಿನಿಂದ ಬಿಡಿಸಿ, ಇವೆರಡನ್ನಷ್ಟೇ ಓದು ಎಂದರಂತೆ. ಬೆಳಗಿನ ಹೊತ್ತಿನಲ್ಲೇ. ಅವಳು ಓದಿ ಹೇಳಿದಳು. ಸಿಟ್ಟು ಬಂದದ್ದು ಅವಳಿಗೇ. ಈಗಲೇ ಆ ಬಾಯಾರಿಗೆ ಫೋನು ಮಾಡಿ ಕೇಳುತ್ತೇನೆ ಎಂದಳಂತೆ.

ಅವಳು ಅವ್ವನ ಮಾತನ್ನು ಅವ್ವನ ದನಿಯಲ್ಲೇ ಹೇಳಿದಳು: "ಬ್ಯಾಡ. ಸಂಜೀ ಹೊತ್ತಿನ್ಯಾಗ ಓದಿಸಿದಾಕಿ ನಾನು. ಅಕಿ ಬಂದಾಗ ನಾನ ಕೇಳ್ತೀನಿ. ಮನಸಿನ್ಯಾಗ ಇಟಗೊಂಡ ಕುಂತಿರ್ತಾಳ, ಹೇಳಿ ಹಗರ ಆಗಲಿ."

ಅದಾದ ಮೇಲಿನ ಭಾನುವಾರವೇ ನಾನು ಹೋದದ್ದು. ನನ್ನನ್ನು ಹಗುರ ಮಾಡಲು ಅವರು ಕೇಳಿದ್ದರು. ಹೆಂಡತಿ ಮಕ್ಕಳ ಕಥೆ ಎಂದು ನಾನು ಹೇಳಿದ್ದು, ಎಲ್ಲ ಗೊತ್ತಿದ್ದವರಿಗೆ.

ಈಗ ನನ್ನ ಫ್ಲ್ಯಾಟಿನಲ್ಲಿ ಸಂಜೆ ದೀಪ ಹಚ್ಚುವಾಗ ಪಕ್ಕದ ಗೋಡೆಯಾಚೆ ತಟಪಟ ಸದ್ದು ಕೇಳುತ್ತದೆ. ಆ ಮನೆಯಲ್ಲಿ ಯಾರೂ ರೊಟ್ಟಿ ಮಾಡುವುದಿಲ್ಲ, ವಿಚಾರಿಸಿದ್ದೇನೆ. ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಪಾಠ ಓದುತ್ತ ಒಂದು ಪ್ಯಾರಾ ಬಿಟ್ಟು ಮುಂದೆ ಹೋಗಬೇಕಾದಾಗ ಬೆನ್ನ ಹಿಂದೆ "ಮುಂದ?" ಎಂಬ ದನಿ ಬರುತ್ತದೆ. ಹೋಗಲು ಆಗುವುದಿಲ್ಲ. ಬಿಟ್ಟದ್ದಕ್ಕೇ ವಾಪಸು ಬರುತ್ತೇನೆ.

ಮೊನ್ನೆ ಒಂದು ಬೆಳಿಗ್ಗೆ, ಅಡುಗೆಮನೆಗೆ ಬಿಸಿಲು ಚೆನ್ನಾಗಿ ಬಂದ ಮೇಲೆ, ಪುಸ್ತಕ ತೆಗೆದು ಆ ಎರಡು ಹಾಳೆಗಳನ್ನು ಗಟ್ಟಿಯಾಗಿ ಕನ್ನಡದಲ್ಲಿ ಓದಿದೆ. ಮುಳುಗಿತು ಎಂದಿದ್ದಲ್ಲಿ ಮುಳುಗಿತು ಎಂದೆ, ಮುಚ್ಚಿತು ಎಂದಿದ್ದಲ್ಲಿ ಮುಚ್ಚಿತು ಎಂದೆ, ಒಂದು ಶಬ್ದವನ್ನೂ ಬಿಡಲಿಲ್ಲ. ನಾಲ್ಕು ರೊಟ್ಟಿ ಬೇಯುವಷ್ಟು ಹೊತ್ತೂ ಹಿಡಿಯಲಿಲ್ಲ.